ತಾರಸಿಯಿಂದ ಸಂಪಿನವರೆಗೆ

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಗೊತ್ತುಮಾಡಿತು. ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದೂ ಆ ತಿಂಗಳೇ. ಅದೇ ವರ್ಷದ ಅಕ್ಟೋಬರ್ ಬಂದಾಗ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ಸುತ್ತ ನೀರು ನಿಂತು ಜನರನ್ನು ದೋಣಿಯಲ್ಲಿ ಹೊರಗೆ ಕರೆತರಬೇಕಾಯಿತು. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದೂ ಅದೇ ಅಕ್ಟೋಬರಿನಲ್ಲಿ. ಸುಮಾರು ನೂರು ಕಿಲೋಮೀಟರ್ ದೂರದಿಂದ ನೀರೆತ್ತಿ ತರುವ ಊರಿನಲ್ಲಿ, ತಲೆಯ ಮೇಲೆ ಬಿದ್ದ ನೀರು ರಸ್ತೆಗೆ ಹರಿದು ಪಕ್ಕದ ಬಡಾವಣೆಯನ್ನು ಮುಳುಗಿಸುತ್ತದೆ. ಈ ಸುದ್ದಿಗಳೆಲ್ಲ ಒಂದೇ ವರ್ಷದಲ್ಲಿ ಬಂದ ಮೇಲೆ ಅನೇಕ ಮನೆಗಳಲ್ಲಿ ಮಳೆಕೊಯ್ಲಿನ ಮಾತು ಮತ್ತೆ ಎದ್ದಿತು. ನಮ್ಮಲ್ಲೂ ಹಾಗೆಯೇ. ಮೂವತ್ತು ನಲವತ್ತರ ನಿವೇಶನದ ಮನೆಯಲ್ಲಿ ಈ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಪೈಪಿನ ಕೆಲಸ ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಆಮೇಲೆ ಮಳೆನೀರು ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ, ಚೊಕ್ಕಟವಾಗಿ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮನೆಯವರ ರೂಢಿ. ತಾರಸಿ ಗುಡಿಸುವವರು ಯಾರು, ವಾಲ್ವ್ ತಿರುಗಿಸುವವರು ಯಾರು, ಜಾಲರಿ ತೊಳೆಯುವವರು ಯಾರು ಎಂದು ಮಾತಾಗದ ಮನೆಯಲ್ಲಿ ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಎರಡನೇ ಮಳೆಗಾಲಕ್ಕೆ ಅದನ್ನು ಬಿಚ್ಚಿಟ್ಟಿರುತ್ತಾರೆ. 2009ರಲ್ಲಿ ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ಬಂದು, ಅರವತ್ತು ನಲವತ್ತರ ಹಳೆಯ ಮನೆಗಳಿಗೂ ಮೂವತ್ತು ನಲವತ್ತರ ಹೊಸ ಮನೆಗಳಿಗೂ ಮಳೆಕೊಯ್ಲು ಕಡ್ಡಾಯವಾಯಿತು. ಅಂದಿನಿಂದ ದಂಡ ತಪ್ಪಿಸಿಕೊಳ್ಳಲು ಹಾಕಿಸಿದ ಫಿಲ್ಟರ್ ಡ್ರಮ್ಮುಗಳು ಊರ ತುಂಬ ಇವೆ. ಅವುಗಳಲ್ಲಿ ಬಹಳಷ್ಟಕ್ಕೆ ನೀರೇ ಹೋಗುವುದಿಲ್ಲ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಉಳಿದದ್ದನ್ನು ಮಕ್ಕಳೇ ಮಾಡುತ್ತಾರೆ. ಸುತ್ತ ಜಾಗ ಬಿಟ್ಟು ಕಟ್ಟಿದ ಮೂವತ್ತು ನಲವತ್ತರ ಮನೆಯ ತಾರಸಿ ಹೆಚ್ಚುಕಡಿಮೆ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ ತೊಂಬತ್ತು ಸಾವಿರ ಲೀಟರ್. ಆವಿಯಾಗುವುದು, ತಾರಸಿ ಹೀರುವುದು, ಮೊದಲ ಕೊಳೆನೀರು ಬಿಡುವುದು ಇವನ್ನೆಲ್ಲ ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿಯಿರಿ: 72,000 ಲೀಟರ್, ದೊಡ್ಡ ಟ್ಯಾಂಕರಿನ ಆರು ಲೋಡು. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳ ನೀರು. ಇಷ್ಟೂ ಕೈಗೆ ಸಿಗುವುದಿಲ್ಲ, ಏಕೆಂದರೆ ಮಳೆ ನಮ್ಮ ಸಂಪಿನ ಅಳತೆ ನೋಡಿ ಬರುವುದಿಲ್ಲ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜೋರು. ಜನವರಿ, ಫೆಬ್ರವರಿಯಲ್ಲಿ ಇಲ್ಲವೆಂದೇ ಹೇಳಬೇಕು. ನಡುವೆ ಏಪ್ರಿಲ್ ಕೊನೆಯಿಂದ ಭರಣಿ, ಕೃತ್ತಿಕೆಯ ಗುಡುಗು ಮಳೆ. ತಾರಸಿಯ ಅಳತೆ ತೆಗೆಯುವಾಗ ಮೇಲಿನಿಂದ ಕಾಣುವ ಅಗಲ ಉದ್ದ ಮಾತ್ರ ಲೆಕ್ಕ. ಮೆಟ್ಟಿಲ ಮೇಲಿನ ಹೆಡ್‌ರೂಮಿನ ಸೂರು, ಓವರ್‌ಹೆಡ್ ಟ್ಯಾಂಕಿನ ಕೆಳಗಿನ ಕಟ್ಟೆ, ಎಲ್ಲ ಸೇರುತ್ತವೆ.

ತಾರಸಿಯಲ್ಲಿ ನೀರು ಎಲ್ಲಿ ಹೋಗುತ್ತದೆ ಎಂದು ನೋಡಲು ನಾಲ್ಕೈದು ಬಕೆಟ್ ಸುರಿದರೆ ಸಾಕು. ನೂರಕ್ಕೆ ಒಂದರಷ್ಟು ಇಳಿಜಾರು ಇರಬೇಕು. ಎಲ್ಲಾದರೂ ತಟ್ಟೆಯಷ್ಟಗಲ ನೀರು ನಿಂತರೆ ಅಲ್ಲಿ ಪಾಚಿ ಕಟ್ಟುತ್ತದೆ, ಆ ಪಾಚಿಯೇ ಮುಂದೆ ಫಿಲ್ಟರಿಗೆ ಬಂದು ಕೂರುತ್ತದೆ. ಗಾರೆಯವರನ್ನು ಕರೆಸಿ ಅಷ್ಟನ್ನು ಮೊದಲು ಸರಿಮಾಡಿಸಿ. ನಂತರ ತಾರಸಿಗೆ ಏನೇನು ಬಂದು ಸೇರುತ್ತದೆ ಎಂದು ಪಟ್ಟಿ ಮಾಡಿ. ನಮ್ಮೂರಿನ ಮನೆಗಳಲ್ಲಿ ದೊಡ್ಡ ತೊಂದರೆ ವಾಷಿಂಗ್ ಮೆಷೀನು. ಬಾಡಿಗೆ ಮನೆ ಮೇಲಿದ್ದರೆ ಮೆಷೀನೂ ಒಗೆಯುವ ಕಲ್ಲೂ ತಾರಸಿಯಲ್ಲೇ ಇರುತ್ತವೆ, ಸೋಪಿನ ನೀರು ಮಳೆನೀರಿನ ಪೈಪಿಗೇ ಇಳಿಯುತ್ತಿರುತ್ತದೆ. ಅದಕ್ಕೆ ಬೇರೆ ಪೈಪು ಹಾಕಿ ಒಳಚರಂಡಿಗೆ ಸೇರಿಸದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಇದಕ್ಕೆ ದುಡ್ಡಿಗಿಂತ ಮಾತು ಹೆಚ್ಚು ಬೇಕು. ಮೇಲಿನ ಮನೆಯ ಅಕ್ಕನಿಗೆ, "ನೋಡಿ ಅಕ್ಕ, ಈ ನೀರೇ ನಾಳೆ ನಿಮ್ಮ ನಲ್ಲಿಗೂ ಬರೋದು" ಎಂದು ಹೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ತಾರಸಿಯನ್ನು ಫಿನೈಲ್ ಹಾಕಿ ತೊಳೆಯುವುದು, ನಾಯಿಯನ್ನು ಅಲ್ಲೇ ಕಟ್ಟುವುದು, ಪಾರಿವಾಳಕ್ಕೆ ಕಾಳು ಎರಚುವುದು ಇವೂ ನಿಲ್ಲಬೇಕು. ಪಾರಿವಾಳದ ಹಿಕ್ಕೆಯನ್ನು ಯಾವ ಜಾಲರಿಯೂ ತಡೆಯುವುದಿಲ್ಲ. ಅದು ನೀರಿನಲ್ಲಿ ಕರಗಿಬಿಡುತ್ತದೆ. ಸೋರಿಕೆ ತಡೆಯಲೆಂದು ಡಾಂಬರು ಹಚ್ಚಿದ ತಾರಸಿಯ ನೀರು ಅಡುಗೆಗೆ ಬೇಡ. ತುಕ್ಕು ಹಿಡಿದ ಶೀಟಿನ ನೀರೂ ಬೇಡ. ಅಜ್ಜಿಯ ಸಂಡಿಗೆ ಹಪ್ಪಳಕ್ಕೆ ಅಡ್ಡಿಯಿಲ್ಲ. ಅದೆಲ್ಲ ಭರಣಿ ಮಳೆಗೆ ಮೊದಲೇ ಮುಗಿದಿರುತ್ತದೆ, ಸಂಡಿಗೆಗೆಂದು ಹೇಗೂ ತಾರಸಿ ಗುಡಿಸಿಯೂ ಆಗಿರುತ್ತದೆ.

ಇನ್ನು ಪೈಪು. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಮಳೆ ಹೊಡೆದಾಗ ನಾಲ್ಕಿಂಚಿನ ಒಂದು ಪೈಪು ಸುಮಾರು 85 ಚದರ ಮೀಟರ್ ತಾರಸಿಯ ನೀರನ್ನು ಇಳಿಸಬಲ್ಲದು. ಹಾಗಾಗಿ 93 ಚದರ ಮೀಟರಿಗೆ ಎರಡು ಪೈಪು ಬೇಕು. ಒಂದು ಕಸ ಕಟ್ಟಿದರೂ ಇನ್ನೊಂದು ಇರುತ್ತದೆ. ಬಾಯಿಗೆ ಚಪ್ಪಟೆ ಜಾಲರಿ ಹಾಕಬೇಡಿ, ಒಂದೇ ಬಾದಾಮಿ ಎಲೆ ಅದನ್ನು ಮುಚ್ಚಿಬಿಡುತ್ತದೆ. ಗುಮ್ಮಟದಂತೆ ಎದ್ದ ಜಾಲರಿಯಾದರೆ ಬುಡಕ್ಕೆ ಎಲೆ ಬಂದರೂ ಮೇಲಿನಿಂದ ನೀರು ಇಳಿಯುತ್ತದೆ. ತಿರುವಿನಲ್ಲಿ ತೊಂಬತ್ತು ಡಿಗ್ರಿಯ ಒಂದು ಬೆಂಡಿನ ಬದಲು ನಲವತ್ತೈದರ ಎರಡು ಹಾಕಿಸಿ. ಕೆಳಗಿನ ತಿರುವಿನಲ್ಲಿ ಮುಚ್ಚಳ ತೆಗೆಯಬಹುದಾದ ಡೋರ್ ಬೆಂಡ್ ಇರಲಿ. ಬಿಸಿಲಿಗೆ ಬಿದ್ದ ಪಿವಿಸಿ ಕೆಲವು ವರ್ಷಕ್ಕೆ ಪೆಡಸಾಗಿ ಒಡೆಯುತ್ತದೆ. ಬಣ್ಣ ಬಳಿಸಿದರೆ ಬಾಳಿಕೆ ಹೆಚ್ಚು.

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಮುಂದಿನ ಹಂತದಲ್ಲಿ. ಮಳೆಯ ಮೊದಲ ನೀರಿನಲ್ಲಿ ಧೂಳು, ಹೊಗೆಯ ಮಸಿ, ಹಿಕ್ಕೆ, ಎಲೆಪುಡಿ ಎಲ್ಲ ಇರುತ್ತವೆ. ಅದನ್ನು ಸಂಪಿಗೆ ಬಿಡದೆ ಬೇರೆ ಕಡೆ ತಿರುಗಿಸುವುದನ್ನು ಪ್ಲಂಬರುಗಳು ಫಸ್ಟ್ ಫ್ಲಶ್ ಎನ್ನುತ್ತಾರೆ. ಸಾಮಾನ್ಯವಾಗಿ ಮಾಡುವುದು ಹೀಗೆ: ಇಳಿಯುವ ಪೈಪಿಗೆ ಒಂದು ಟೀ (T ಆಕಾರದ ಜೋಡಣೆ) ಕೂಡಿಸಿ, ಅದರಿಂದ ಒಂದು ತುಂಡು ಪೈಪನ್ನು ನೇರ ಕೆಳಗೆ ಇಳಿಸಿ, ತುದಿಗೆ ಕ್ಯಾಪ್ ಮುಚ್ಚುತ್ತಾರೆ. ಕೊಳೆನೀರು ಆ ತುಂಡಿನಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ಮೇಲೆ ಬರುವ ನೀರು ಟೀ ದಾಟಿ ಫಿಲ್ಟರಿಗೆ ಹೋಗುತ್ತದೆ. ಯೋಜನೆ ಸರಿಯಾಗಿಯೇ ಇದೆ. ತಪ್ಪುವುದು ಅಳತೆ. ಕನಿಷ್ಠ ಒಂದು ಮಿಲಿಮೀಟರ್ ಮಳೆಯನ್ನಾದರೂ ಬಿಡಬೇಕು. ಎರಡು ಪೈಪಿದ್ದರೆ ಒಂದೊಂದಕ್ಕೆ 46 ಚದರ ಮೀಟರ್ ತಾರಸಿ, ಅಂದರೆ 46 ಲೀಟರ್. ನಾಲ್ಕಿಂಚಿನ ಪೈಪಿನ ಒಂದು ಮೀಟರಿನಲ್ಲಿ ಹಿಡಿಯುವುದು ಸುಮಾರು ಎಂಟು ಲೀಟರ್. ಮೂರಡಿ ತುಂಡು ಹಾಕಿ ಹೋದರೆ ಏಳೆಂಟು ಲೀಟರ್ ಮಾತ್ರ ನಿಂತು, ಉಳಿದ ಕೊಳೆಯೆಲ್ಲ ಸಂಪಿಗೆ. ಸರಿಯಾಗಬೇಕಾದರೆ ನಾಲ್ಕಿಂಚಿನದು ಐದೂಮುಕ್ಕಾಲು ಮೀಟರ್ ಬೇಕು, ಅಷ್ಟು ಎತ್ತರ ಎಲ್ಲ ಮನೆಯಲ್ಲೂ ಸಿಗುವುದಿಲ್ಲ. ಆರಿಂಚಿನ ಪೈಪು ಮೀಟರಿಗೆ ಹದಿನೆಂಟು ಲೀಟರ್ ಹಿಡಿಯುವುದರಿಂದ ಎರಡೂವರೆ ಮೀಟರಿಗೆ ಕೆಲಸ ಮುಗಿಯುತ್ತದೆ. "ಇಷ್ಟು ದಪ್ಪದ್ದು ಯಾಕೆ ಸಾರ್, ಯಾರೂ ಹಾಕ್ಸಲ್ಲ" ಎನ್ನುತ್ತಾರೆ ಪ್ಲಂಬರುಗಳು. ಈ ಲೆಕ್ಕವನ್ನು ಅವರ ಎದುರೇ ಗೋಡೆಯ ಮೇಲೆ ಬರೆದು ತೋರಿಸಿದರೆ ಒಪ್ಪುತ್ತಾರೆ. ಒಪ್ಪಿದ ಪ್ಲಂಬರು ಮುಂದಿನ ಮನೆಗೂ ಹಾಗೆಯೇ ಮಾಡುತ್ತಾರೆ.

ಆ ತುಂಡಿನ ಒಳಗೆ ಒಂದು ಪ್ಲಾಸ್ಟಿಕ್ ಚೆಂಡು ಬಿಟ್ಟು, ಮೇಲಿನ ಕೊರಳನ್ನು ಚೆಂಡಿಗಿಂತ ಸ್ವಲ್ಪ ಕಿರಿದಾಗಿ ಮಾಡಿಸಿದರೆ, ತುಂಬಿದೊಡನೆ ಚೆಂಡು ಮೇಲೆದ್ದು ಬಾಯಿ ಮುಚ್ಚುತ್ತದೆ. ಕೊಳೆನೀರು ಹೊಸ ನೀರಿಗೆ ಬೆರೆಯುವುದಿಲ್ಲ. ತುದಿಯ ಕ್ಯಾಪಿಗೆ ಎರಡು ಮಿಲಿಮೀಟರಿನ ತೂತು ಕೊರೆಸಿ. ಮಳೆ ನಿಂತ ಮೇಲೆ ಎರಡು ಗಂಟೆಯ ಆಸುಪಾಸಿನಲ್ಲಿ ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ತೂತಿಲ್ಲದಿದ್ದರೆ ನೀರು ಅಲ್ಲೇ ನಿಂತು ಸೊಳ್ಳೆ ಮೊಟ್ಟೆಯಿಡುತ್ತದೆ, ಮುಂದಿನ ಮಳೆಯ ಕೊಳೆಗೆ ಜಾಗವೂ ಇರುವುದಿಲ್ಲ. ಈ ತೂತು ಮರಳಿನ ಕಣಕ್ಕೇ ಕಟ್ಟಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ತಂತಿ ಹಾಕಿ ಬಿಡಿಸಬೇಕು, ತಿಂಗಳಿಗೊಮ್ಮೆ ಕ್ಯಾಪ್ ತೆಗೆದು ಕೆಸರು ಹೊರಹಾಕಬೇಕು. ಇದನ್ನು ಕೈಯಲ್ಲೇ ಮಾಡುತ್ತೇವೆ ಎನ್ನುವವರು ಟೀಯ ಕೆಳಗೆ ಬಾಲ್ ವಾಲ್ವ್ ಇಟ್ಟು ಮಳೆಯ ಮೊದಲ ಹತ್ತು ನಿಮಿಷ ತೆರೆದಿಡಬಹುದು. ಆದರೆ ಬೆಂಗಳೂರಿನ ಬೇಸಿಗೆ ಮಳೆ ಬರುವುದು ಸಂಜೆ ನಾಲ್ಕರಿಂದ ಎಂಟರ ನಡುವೆಯೇ ಹೆಚ್ಚು. ಆ ಹೊತ್ತಿಗೆ ಮನೆಯವರು ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಟ್ರಾಫಿಕ್ಕಿಗೆ ಸಿಕ್ಕಿಕೊಂಡಿರುತ್ತಾರೆ. ತಾನಾಗಿ ಕೆಲಸ ಮಾಡುವ ವ್ಯವಸ್ಥೆಯೇ ನನ್ನ ಆಯ್ಕೆ. ವರ್ಷದ ಮೊದಲ ಒಂದೆರಡು ಮಳೆಯನ್ನಂತೂ ಸಂಪಿಗೆ ಬಿಡಲೇಬಾರದು. ಬೇಸಿಗೆಯಿಡೀ ಕೂತ ಧೂಳು ಒಂದು ಮಿಲಿಮೀಟರಿಗೆ ತೊಳೆದುಹೋಗುವುದಿಲ್ಲ.

ಫಿಲ್ಟರಿನ ವಿಷಯಕ್ಕೆ ಬಂದರೆ ಎರಡು ದಾರಿ. ಒಂದು, ಇನ್ನೂರು ಲೀಟರಿನ ನೀಲಿ ಡ್ರಮ್ಮು. ತಳದಲ್ಲಿ 40 ಎಂಎಂ ಜಲ್ಲಿ, ಅದರ ಮೇಲೆ 20 ಎಂಎಂ, ಅದರ ಮೇಲೆ ಬೇಬಿ ಜಲ್ಲಿ, ನೈಲಾನ್ ಬಲೆ, ಇದ್ದಿಲು, ಮೇಲೆ ದಪ್ಪ ಮರಳು. ನದಿ ಮರಳು ಸಿಗದ ಕಾರಣ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಹಾಕುತ್ತಾರೆ. ಅದರಲ್ಲಿ ಕಲ್ಲಿನ ಹಿಟ್ಟು ಬಹಳ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಆ ಹಿಟ್ಟೇ ಕೆಳಗಿಳಿದು ಬಲೆಯ ಮೇಲೆ ಪದರ ಕಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಇನ್ನೊಂದು ದಾರಿ ಗೋಡೆಗೆ ಕೂಡಿಸುವ ಸ್ಟೀಲ್ ಜಾಲರಿಯ ಫಿಲ್ಟರ್, ತಾರಸಿಯ ಅಳತೆಗೆ ತಕ್ಕಂತೆ ಅಂಗಡಿಯಲ್ಲಿ ಸಿಗುತ್ತದೆ. ಸಂಪಿಗೆ ನೀರು ತುಂಬಬೇಕು ಎನ್ನುವವರು ಎರಡನೆಯದನ್ನೇ ಹಾಕಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಮಳೆಯ ವೇಗ. ಹತ್ತು ನಿಮಿಷದಲ್ಲಿ ಹತ್ತು ಮಿಲಿಮೀಟರ್ ಸುರಿಯುವುದು ನಮ್ಮ ಊರಿನಲ್ಲಿ ಅಪರೂಪವಲ್ಲ. ಆಗ 93 ಚದರ ಮೀಟರಿನಿಂದ ಹತ್ತೇ ನಿಮಿಷದಲ್ಲಿ 930 ಲೀಟರ್ ಬರುತ್ತದೆ, ಸೆಕೆಂಡಿಗೆ ಒಂದೂವರೆ ಲೀಟರ್. ಒಂದು ಡ್ರಮ್ಮಿನ ಮರಳು ಅಷ್ಟು ವೇಗಕ್ಕೆ ನೀರು ಬಿಡುವುದಿಲ್ಲ. ತುಂಬಿ, ಮೇಲಿನ ಓವರ್‌ಫ್ಲೋ ಪೈಪಿನಿಂದ ರಸ್ತೆಗೆ ಹೋಗುತ್ತದೆ. ಫಿಲ್ಟರಿನಿಂದ ಬಂದ ನೀರು ತಿಳಿಯಾಗಿಯೇ ಇರುತ್ತದೆ, ಆದರೆ ಬಂದದ್ದಕ್ಕಿಂತ ಹೋದದ್ದು ಹೆಚ್ಚು. ನೋಡಿ ಕಲಿಯಬೇಕೆಂದಿದ್ದರೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರದಲ್ಲಿ ಹಲವು ಬಗೆಯ ಮಾದರಿಗಳಿವೆ. ಮನೆಯವರೆಲ್ಲ ಒಂದು ಶನಿವಾರ ಹೋಗಿಬಂದರೆ ಪ್ಲಂಬರಿನ ಜೊತೆಗಿನ ಮಾತು ಸುಲಭವಾಗುತ್ತದೆ. ವಿಜಯನಗರದ ತಮ್ಮ ಮನೆಯನ್ನು 1990ರ ದಶಕದಿಂದ ಮಳೆನೀರಿನಲ್ಲೇ ನಡೆಸಿ ತೋರಿಸಿದ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಪ್ರಯೋಗಗಳೂ ಈ ಊರಿನವೇ.

ಈಗ ಸಂಪು. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸರಳ ತೊಡಕಿದೆ. ದಿನ ಬಿಟ್ಟು ದಿನ ಕಾವೇರಿ ನೀರು ಬಂದು ಸಂಪು ಕಂಠದವರೆಗೆ ತುಂಬಿರುತ್ತದೆ, ಸಂಜೆ ಮಳೆ ಬರುತ್ತದೆ, ಇಷ್ಟೆಲ್ಲ ಮಾಡಿ ಇಳಿಸಿದ ಮಳೆನೀರು ನೇರ ಹೊರಗೆ. ಮಳೆಗೆಂದೇ ಜಾಗ ಕಾದಿಡಬೇಕು. ಎಂಟು ಸಾವಿರ ಲೀಟರಿನ ಸಂಪಾದರೆ ಕಾವೇರಿ ನಾಲ್ಕು ಸಾವಿರಕ್ಕೆ ನಿಲ್ಲುವಂತೆ ಫ್ಲೋಟನ್ನು ತಗ್ಗಿಸಿ. ಉಳಿದ ನಾಲ್ಕು ಸಾವಿರದಲ್ಲಿ 50 ಮಿಲಿಮೀಟರಿನ ಒಂದು ದೊಡ್ಡ ಮಳೆಯ ಬಹುಪಾಲು ಹಿಡಿಯುತ್ತದೆ. ತಗ್ಗಿಸುವುದು ಫ್ಲೋಟನ್ನು ಮಾತ್ರ, ಕಾವೇರಿ ಪೈಪಿನ ಬಾಯನ್ನಲ್ಲ. ಆ ಬಾಯಿ ಸಂಪಿನ ನೀರಿನಲ್ಲಿ ಮುಳುಗಿದ್ದು, ರಸ್ತೆಯ ಲೈನಿನಲ್ಲಿ ಒತ್ತಡ ಇಳಿದರೆ ಸಂಪಿನ ನೀರು ಹಿಂದಕ್ಕೆ ಎಳೆದುಕೊಂಡು ಇಡೀ ಬೀದಿಯ ಕುಡಿಯುವ ನೀರಿಗೆ ಸೇರಬಹುದು. ಉದ್ದ ಕಡ್ಡಿಯ ಫ್ಲೋಟು, ಇಲ್ಲವೇ ಮಟ್ಟ ನೋಡಿ ನಿಲ್ಲಿಸುವ ಸೆನ್ಸರ್ ವಾಲ್ವ್ ಇದಕ್ಕೆ ಸರಿ. ಯುಗಾದಿ ಕಳೆದ ಮೇಲೆ ಫ್ಲೋಟ್ ಕೆಳಕ್ಕೆ, ಕಾರ್ತಿಕ ಮುಗಿದ ಮೇಲೆ ಮೇಲಕ್ಕೆ ಎಂದು ಹಬ್ಬದ ಲೆಕ್ಕದಲ್ಲಿ ಇಟ್ಟುಕೊಂಡರೆ ಮರೆಯುವುದಿಲ್ಲ.

ಮಳೆನೀರಿನ ಪೈಪು ಸಂಪಿನ ತಳದ ಹತ್ತಿರ ಹೋಗಿ ತುದಿ ಮೇಲ್ಮುಖವಾಗಿ ತಿರುಗಿರಬೇಕು. ಮೇಲಿನಿಂದ ಧುಮುಕಿದರೆ ತಳದ ಮಡ್ಡಿಯೆಲ್ಲ ಕದಡಿ ಪಂಪಿಗೆ ಬರುತ್ತದೆ. ಸಂಪಿನ ಮುಚ್ಚಳ ಅಂಗಳಕ್ಕಿಂತ ಆರಿಂಚಾದರೂ ಎತ್ತರವಿರಲಿ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಗಳೇ ತಗ್ಗಾಗಿರುವ ಬೀದಿಗಳಲ್ಲಿ, ಮಳೆ ಬಂದ ರಾತ್ರಿ ಚರಂಡಿಯ ನೀರು ಸಂಪಿಗೆ ನುಗ್ಗಿ ತಿಂಗಳ ಶ್ರಮವನ್ನು ಹಾಳುಮಾಡುತ್ತದೆ. ಸಂಪಿನ ಓವರ್‌ಫ್ಲೋವನ್ನು ಒಳಚರಂಡಿಗೆ ಕೂಡಿಸಲೇಬೇಡಿ. ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಬೀದಿಗೆ ಕೊಳಚೆ ಬರುವುದಕ್ಕೆ ಮನೆಮನೆಯ ಮಳೆನೀರು ಆ ಸಣ್ಣ ಪೈಪಿಗೆ ಸೇರುವುದು ದೊಡ್ಡ ಕಾರಣ.

ಓವರ್‌ಫ್ಲೋ ಹೋಗಬೇಕಾದ್ದು ಇಂಗುಬಾವಿಗೆ. ಮೂರಡಿ ಅಗಲ, ಇಪ್ಪತ್ತಡಿ ಆಳ, ತೂತಿರುವ ಕಾಂಕ್ರೀಟ್ ಬಳೆಗಳನ್ನು ಒಂದರ ಮೇಲೊಂದು ಇಳಿಸಿ, ಬಳೆಯ ಹೊರಗೆ ಸುತ್ತ ಜಲ್ಲಿ ತುಂಬಿ, ತಳಕ್ಕೆ ಗಾರೆ ಹಾಕದೆ ಬಿಟ್ಟರೆ ಒಮ್ಮೆಗೆ ನಾಲ್ಕು ಸಾವಿರ ಲೀಟರ್ ಹಿಡಿದು ನಿಧಾನವಾಗಿ ಇಂಗಿಸುತ್ತದೆ. ತಲೆಮಾರುಗಳಿಂದ ಬಾವಿ ತೋಡಿದ ಭೋವಿ ಸಮುದಾಯದ ಮಣ್ಣು ಕೆಲಸದವರು ನಗರದ ಸುತ್ತ ಈಗಲೂ ಇದ್ದಾರೆ. ಬಯೋಮ್ ಸಂಸ್ಥೆಯವರ ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನ ನಿಂತಿರುವುದೇ ಅವರ ಕೈಚಳಕದ ಮೇಲೆ. ಮಣ್ಣು ನೋಡಿ ಎಷ್ಟು ಆಳಕ್ಕೆ ಮೊರಂ (ಗರಸು ಮಣ್ಣು) ಸಿಗುತ್ತದೆ, ಎಲ್ಲಿ ಬಂಡೆ ಅಡ್ಡ ಬರುತ್ತದೆ ಎಂದು ಅವರು ಹೇಳುವುದನ್ನು ಕೇಳಿ. ಮೂವತ್ತು ನಲವತ್ತರಲ್ಲಿ ಜಾಗ ಸಿಗುವುದು ಮುಂದಿನ ಕಾರು ನಿಲ್ಲಿಸುವ ಕಡೆಯೇ. ಹಾಗಾಗಿ ಮುಚ್ಚಳ ಕಾರಿನ ಭಾರ ತಡೆಯುವ ಕಾಂಕ್ರೀಟಿನದಾಗಬೇಕು. ಹಳೆಯ ಪಿಟ್ ಕಕ್ಕಸು ಹತ್ತಿರವಿದ್ದರೆ ಬಾವಿ ಬೇಡ. ಕೆರೆಯಂಗಳದ ಬಡಾವಣೆಗಳಲ್ಲಿ ಮಳೆಗಾಲಕ್ಕೆ ನೀರಿನ ಮಟ್ಟ ಮೇಲೆಯೇ ಇರುವುದರಿಂದ ಇಂಗುವುದಿಲ್ಲ, ಅಲ್ಲಿ ಹಿಡಿದಿಟ್ಟುಕೊಳ್ಳುವುದೊಂದೇ ದಾರಿ. ತಾರಸಿ ನೀರನ್ನು ಸೋಸದೆ ನೇರ ಬೋರ್‌ವೆಲ್ಲಿಗೆ ಬಿಡುವವರೂ ಇದ್ದಾರೆ. ಕೆಸರು ಸೇರಿ ಬೋರು ಕಟ್ಟುತ್ತದೆ, ಒಳಗಿನ ನೀರು ಅಕ್ಕಪಕ್ಕದವರಿಗೂ ಕೆಡುತ್ತದೆ.

ಅಡುಗೆಮನೆಯವರ ಪ್ರಶ್ನೆ ಒಂದೇ: ಕುಡಿಯಬಹುದಾ? ಮಳೆನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಆರ್‌ಒ ಬೇಕಿಲ್ಲ. ಆರ್‌ಒ ಹಾಕಿದರೆ ಒಳ್ಳೆಯ ನೀರಿನಲ್ಲೇ ಒಂದು ಪಾಲು ಚರಂಡಿಗೆ ಹೋಗುತ್ತದೆ. ಕೊಲ್ಲಬೇಕಾದ್ದು ರೋಗಾಣುಗಳನ್ನು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಒಂದು ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು ಅರ್ಧ ಗಂಟೆಯಾದರೂ ಬಿಡಿ. ಪುಡಿ ಹಳೆಯದಾಗಿ ವಾಸನೆ ಹೋಗಿದ್ದರೆ ಅದರಲ್ಲಿ ಶಕ್ತಿಯಿಲ್ಲ. ಕುಡಿಯುವುದಕ್ಕೆ ಮತ್ತೆ ಕುದಿಸಿ. ಎಚ್2ಎಸ್ ಪರೀಕ್ಷೆಯ ಸಣ್ಣ ಬಾಟಲಿ ಸಿಗುತ್ತದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕು ಇರುವ ಸೂಚನೆ, ಆ ನೀರು ಅಡುಗೆಗೆ ಬೇಡ. ಮೆದು ನೀರಿನ ಗುಣ ಒಲೆಯ ಮೇಲೆ ಬೇಗ ಗೊತ್ತಾಗುತ್ತದೆ. ಬೋರಿನ ಗಡಸು ನೀರಿನಲ್ಲಿ ಹಠ ಮಾಡುವ ತೊಗರಿಬೇಳೆ ಇದರಲ್ಲಿ ಬೇಗ ಬೆಂದು ಕರಗುತ್ತದೆ, ಬಟ್ಟೆಗೆ ಸೋಪಿನ ಪುಡಿ ಕಡಿಮೆ ಸಾಕಾಗುತ್ತದೆ.

ಒಂದು ಮನೆ ಇಷ್ಟು ಮಾಡಿದರೆ ಊರಿನ ನೆರೆ ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ರಾಜಕಾಲುವೆಯ ಒತ್ತುವರಿ, ಮುಚ್ಚಿದ ಕೆರೆಗಳು, ಇವನ್ನು ತಾರಸಿಯಲ್ಲಿ ಸರಿಮಾಡಲಾಗುವುದಿಲ್ಲ, ಅದು ಸರ್ಕಾರ ಮಾಡಲೇಬೇಕಾದ ಕೆಲಸ. ಆದರೂ ಲೆಕ್ಕ ನೋಡಿ: 50 ಮಿಲಿಮೀಟರ್ ಮಳೆಗೆ ಒಂದು ತಾರಸಿಯ ಮೇಲೆ ಬೀಳುವುದು 4,650 ಲೀಟರ್. ನೂರು ಮನೆಯ ಒಂದು ಬಡಾವಣೆಯಿಂದ ನಾಲ್ಕು ಲಕ್ಷ ಅರವತ್ತೈದು ಸಾವಿರ. ಅದು ಒಂದೇ ಗಂಟೆಯಲ್ಲಿ ಮೋರಿಗೆ ಇಳಿಯುವುದಕ್ಕೂ ಸಂಪು, ಬಾವಿಗಳಲ್ಲಿ ನಿಂತು ದಿನಗಳಲ್ಲಿ ಇಂಗುವುದಕ್ಕೂ ತಗ್ಗಿನ ಮನೆಯವರಿಗೆ ಬಹಳ ವ್ಯತ್ಯಾಸವಿದೆ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದಾಗ ಅಲ್ಲಿ ನಿಂತದ್ದರಲ್ಲಿ ಮೇಲಿನ ಬಡಾವಣೆಗಳ ನೀರೂ ಇತ್ತು.

ನಿರ್ವಹಣೆಗೆ ಮನೆಯಲ್ಲಿ ಹಂಚಿಕೆ ಇರಲಿ. ನೇರ ಗೋಡೆಯ ಡಬ್ಬಿಯೊಂದನ್ನು ತಾರಸಿಯಲ್ಲಿಟ್ಟು ಸ್ಕೇಲಿನಿಂದ ಅಳೆದು ಕ್ಯಾಲೆಂಡರಿನಲ್ಲಿ ಬರೆಯುವ ಕೆಲಸ ಮಕ್ಕಳದು. ಅಳತೆ 20 ಮಿಲಿಮೀಟರ್ ದಾಟಿಯೂ ಸಂಪಿನ ಮಟ್ಟ ಏರದಿದ್ದರೆ ಎಲ್ಲೋ ಕಟ್ಟಿದೆ ಎಂದು ಆಗಲೇ ತಿಳಿಯುತ್ತದೆ. ಜಾಲರಿ ತೊಳೆಯುವುದು ವಾರಕ್ಕೊಮ್ಮೆ. ಮರವಿರುವ ಬೀದಿಯಲ್ಲಿ ಹೊಂಗೆ ಹೂವು ಉದುರುವ ದಿನಗಳಲ್ಲಿ ಎರಡು ದಿನಕ್ಕೊಮ್ಮೆ. ಸಂಪು ತೊಳೆಯುವುದು ವರ್ಷಕ್ಕೊಮ್ಮೆ, ಮಳೆಗೆ ಮೊದಲು, ನೀರು ತಳಕಂಡಾಗ. ಮುಚ್ಚಳವನ್ನು ಗಂಟೆಗಟ್ಟಲೆ ಮೊದಲೇ ತೆರೆದು ಗಾಳಿಯಾಡಲು ಬಿಡಿ, ಸಾಧ್ಯವಾದರೆ ಫ್ಯಾನಿನಿಂದ ಗಾಳಿ ಬಿಡಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಲ್ಲದೆ ಯಾರನ್ನೂ ಒಳಗಿಳಿಸಬೇಡಿ. ಒಳಗಿದ್ದಾಗ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದೂ ಅಪಾಯ. ಉಸಿರುಕಟ್ಟಿ ಸಂಪಿನಲ್ಲಿ ಸತ್ತವರ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಮೊದಲು ಇಳಿದವರನ್ನು ಎತ್ತಲು ಹೋದವರೂ ಅದರಲ್ಲಿ ಇರುತ್ತಾರೆ. ಇಂಗುಬಾವಿಯ ಹೂಳು ತೆಗೆಸುವಾಗಲೂ ಇದೇ ಎಚ್ಚರ. ಆ ಕೆಲಸವನ್ನು ತೋಡಿದವರಿಂದಲೇ ಮಾಡಿಸಿ, ಅವರ ಫೋನ್ ನಂಬರನ್ನು ಮುಚ್ಚಳದ ಒಳಬದಿಯಲ್ಲಿ ಪೇಂಟಿನಿಂದ ಬರೆದಿಡಿ.